ಕುದುರೆ ಕದ್ದವರು ಯಾರು ಸ್ವಾಮಿ?

ಕುದುರೆ ಕದ್ದವನು ಮುಂದಿನ ಜನ್ಮದಲ್ಲಿ ಕುಂಟನಾಗಿ ಹುಟ್ಟುತ್ತಾನಂತೆ. ಹೀಗಂತ ಹೇಳಿದ್ದು ಕೇರಿಯ ಯಾವ ಮುದುಕಿಯೂ ಅಲ್ಲ, ಮನು. ಮನುಸ್ಮೃತಿಯ 11ನೇ ಅಧ್ಯಾಯ ತೆಗೆದು ನೋಡಿ. ಬಟ್ಟೆ ಕದ್ದವನಿಗೆ ತೊನ್ನು, ಮಾತು ಕದ್ದವನಿಗೆ ಮೂಗತನ, ಕುದುರೆ ಕದ್ದವನಿಗೆ ಕುಂಟುಕಾಲು ಎಂದು ಅಂಗಡಿಯ ದರಪಟ್ಟಿಯ ಹಾಗೆ ಬರೆದಿಟ್ಟಿದೆ. (ಮಾತು ಕದ್ದವನು ಅಂದರೆ ಅಪ್ಪಣೆಯಿಲ್ಲದೆ ವೇದ ಕಲಿತವನು ಅಂತ ಭಾಷ್ಯಕಾರರು ಅರ್ಥ ಹೇಳುತ್ತಾರೆ. ಅದು ಯಾರ ಬಾಯಿಗೆ ಹಾಕಿದ ಬೀಗ ಎಂದು ಬಿಡಿಸಿ ಹೇಳಬೇಕಾಗಿಲ್ಲ.) ಇದೇ ಪುಸ್ತಕದ 9ನೇ ಅಧ್ಯಾಯ ಅಂಗವಿಲ್ಲದವನಿಗೆ ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ ಎನ್ನುತ್ತದೆ. ಮೊದಲು ಪಾಪಿ ಎನ್ನುವುದು, ಆಮೇಲೆ ಪಾಲು ಕಿತ್ತುಕೊಳ್ಳುವುದು.

ನಮ್ಮ ಕೇರಿಗಳಲ್ಲಿ ತಲೆತಲಾಂತರದಿಂದ ಸೊಟ್ಟಗಾಲಿನ ಕೂಸುಗಳು ಹುಟ್ಟುತ್ತಲೇ ಇವೆ. ನಮ್ಮ ಅಪ್ಪ ತಾತಂದಿರು ಕಂಡಿದ್ದು ಗೌಡರ ಎತ್ತು, ಶಾನುಭೋಗರ ಎಮ್ಮೆ. ಕುದುರೆ ಕಂಡಿದ್ದು ಅಮಲ್ದಾರ ಊರಿಗೆ ಬಂದಾಗ ಮಾತ್ರ, ಅದೂ ದೂರದಲ್ಲಿ ಕೈಕಟ್ಟಿ ನಿಂತುಕೊಂಡು. ಅದನ್ನು ಮುಟ್ಟೋಕೇ ಬಿಟ್ಟೋರಿಲ್ಲ, ಇನ್ನು ಕದಿಯೋದೆಲ್ಲಿ ಬಂತು? ಹಾಗಾದರೆ ಕದ್ದವರು ಯಾರು ಸ್ವಾಮಿ?

ಸೊಟ್ಟಗಾಲು ಅಂದರೆ ಎಲ್ಲರೂ ಕಂಡಿರುತ್ತೀರಿ. ಹುಟ್ಟಿದ ಕೂಸಿನ ಪಾದ ಒಳಕ್ಕೆ ತಿರುಗಿಕೊಂಡಿರುತ್ತದೆ. ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಅಂಗಾಲು ನೆಲ ನೋಡುವ ಬದಲು ಇನ್ನೊಂದು ಕಾಲನ್ನು ನೋಡುತ್ತಿರುತ್ತದೆ. ಹಾಗೇ ಬಿಟ್ಟರೆ ಆ ಕೂಸು ಬೆಳೆದು ಪಾದದ ಹೊರ ಅಂಚಿನ ಮೇಲೆ ನಡೆಯುತ್ತದೆ, ತೀರಾ ತಿರುಗಿದ್ದರೆ ಪಾದದ ಮೇಲ್ಮೈಯನ್ನೇ ನೆಲಕ್ಕೆ ಊರಿ ನಡೆಯುತ್ತದೆ. ಅಲ್ಲಿ ಚರ್ಮ ದಪ್ಪಗಾಗಿ ಆಣಿ ಕಟ್ಟುತ್ತದೆ, ಹುಣ್ಣಾಗುತ್ತದೆ. ಅವನ ಕಾಲಿಗೆ ಯಾವ ಅಂಗಡಿಯ ಚಪ್ಪಲಿಯೂ ಆಗುವುದಿಲ್ಲ. ಗದ್ದೆಯ ಕೆಸರಿಗೆ ಇಳಿಯಲಾರ, ಮೂಟೆ ಹೊರಲಾರ, ಸಾರವೆ ಹತ್ತಲಾರ. ಮೈಯೊಂದೇ ಬಂಡವಾಳವಾಗಿರುವ ಜನಕ್ಕೆ ಕಾಲು ಹೋದರೆ ಬಂಡವಾಳವೇ ಹೋಯಿತು. ಊರು ಅವನ ಹೆಸರು ಮರೆತು ಕುಂಟ ಅನ್ನುತ್ತದೆ. ಕುಂಟನಿಗೆ ಎಂಟು ಚೇಷ್ಟೆ ಅಂತ ಗಾದೆ ಬೇರೆ ಕಟ್ಟಿಕೊಟ್ಟಿದ್ದಾರೆ.

ಸುಮಾರು 1000 ಹೆರಿಗೆಗೆ ಒಂದು ಇಂಥ ಕೂಸು. ಹುಡುಗಿಯರಿಗಿಂತ ಹುಡುಗರಲ್ಲಿ ಎರಡರಷ್ಟು. ಹೆಚ್ಚು ಕಡಿಮೆ ಅರ್ಧ ಕೂಸುಗಳಿಗೆ ಎರಡೂ ಪಾದ ಸೊಟ್ಟ. ಈ ದೇಶದಲ್ಲಿ ವರ್ಷಕ್ಕೆ 2 ಕೋಟಿಗೂ ಮೀರಿ ಕೂಸುಗಳು ಹುಟ್ಟುತ್ತವೆ. ಲೆಕ್ಕ ನೀವೇ ಹಾಕಿ, 20 ಸಾವಿರಕ್ಕೆ ಕಡಿಮೆ ಬರುವುದಿಲ್ಲ. ಇವೆಲ್ಲ ಕುದುರೆ ಕಳ್ಳರ ಪುನರ್ಜನ್ಮ!

ಕುದುರೆಯ ಲೆಕ್ಕವನ್ನು ಇನ್ನೂ ಸ್ವಲ್ಪ ನೋಡೋಣ. ಹವಾಯಿ ದ್ವೀಪಗಳಲ್ಲಿ ಹಿಂದೆ ಎಣಿಕೆ ಮಾಡಿದಾಗ ಅಲ್ಲಿನ ಮೂಲ ಜನರಲ್ಲಿ 1000ಕ್ಕೆ 6ರಿಂದ 7 ಕೂಸಿಗೆ ಸೊಟ್ಟಗಾಲು ಕಂಡಿತು. ಚೀನೀಯರಲ್ಲಿ 1000ಕ್ಕೆ ಅರ್ಧವೂ ಇಲ್ಲ. ಕುದುರೆ ಸಾಕಿ, ಕುದುರೆ ಏರಿ, ಕುದುರೆಗಾಗಿ ಯುದ್ಧ ಮಾಡಿದ ಚೀನಾದಲ್ಲಿ ಕಡಿಮೆ. ಹವಾಯಿಯಲ್ಲೋ, ಬಿಳಿಯರು ಹಡಗಿನಲ್ಲಿ ತಂದಿಳಿಸುವ ತನಕ, ಅಂದರೆ 1803ರ ತನಕ, ಕುದುರೆಯೆಂಬ ಪ್ರಾಣಿಯೇ ಇರಲಿಲ್ಲ. ಅಲ್ಲಿನ ಜನ ಯಾವ ಕುದುರೆ ಕದ್ದರು? ಪಾದ ತಿರುಗುವುದು ಬಹುಮಟ್ಟಿಗೆ ವಂಶವಾಹಿಗಳ ಕೆಲಸ, ಜೊತೆಗೆ ಗರ್ಭದೊಳಗೆ ನಡೆಯುವ ಇನ್ನಷ್ಟು ಸಂಗತಿಗಳು. ವಿಜ್ಞಾನ ಇದನ್ನು ಪೂರ್ತಿ ಬಿಡಿಸಿಲ್ಲ. ಆದರೆ ಬಿಡಿಸಿದಷ್ಟರಲ್ಲಿ ಪಾಪ ಎಂಬ ವಸ್ತು ಎಲ್ಲಿಯೂ ಸಿಕ್ಕಿಲ್ಲ.

ನಮ್ಮ ಪುರಾಣಿಕರಿಗೆ ಮನು ಸಾಲದೆ ಅಷ್ಟಾವಕ್ರನನ್ನೂ ಎಳೆದು ತರುತ್ತಾರೆ. ಕಥೆ ಗೊತ್ತಲ್ಲ? ಅಪ್ಪ ಕಹೋಡ ವೇದ ಓದುತ್ತಿದ್ದ. ಹೊಟ್ಟೆಯೊಳಗಿನ ಕೂಸು ಅಪ್ಪಾ ತಪ್ಪು ಓದುತ್ತಿದ್ದೀಯ ಅಂದಿತು. ಎಂಟು ಕಡೆ ಸೊಟ್ಟಾಗಿ ಹುಟ್ಟು ಅಂತ ಅಪ್ಪ ಶಾಪ ಕೊಟ್ಟ. ಇದನ್ನು ಹರಿಕಥೆಯಲ್ಲಿ ಕೇಳಿ ನಮ್ಮವರೂ ಕಣ್ಣೀರು ಹಾಕಿದ್ದಾರೆ. ಆದರೆ ಕಥೆಯ ಹೂರಣ ನೋಡಿ. ತಪ್ಪು ಓದಿದವನು ಅಪ್ಪ, ಮೈ ಸೊಟ್ಟಾದದ್ದು ಕೂಸಿನದು. ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆ ಗರ್ಭದಿಂದಲೇ ಶುರು. ಕೊನೆಗೆ ಅವನು ಸಮಂಗಾ ಎಂಬ ಹೊಳೆಯಲ್ಲಿ ಮುಳುಗಿ ಎದ್ದು ನೆಟ್ಟಗಾದನಂತೆ. ಆ ಹೊಳೆ ಯಾವ ತಾಲ್ಲೂಕಿನಲ್ಲಿದೆ, ಬಸ್ಸು ಹೋಗುತ್ತದೆಯೆ, ಹೇಳಿದರೆ ನಮ್ಮ ಕೂಸುಗಳನ್ನೂ ಕರೆದುಕೊಂಡು ಹೋಗುತ್ತೇವೆ.

ಇಷ್ಟಾದರೂ ಪುರಾಣದಲ್ಲಿ ಶಾಪ ಕೊಟ್ಟವನು ಅಪ್ಪ. ಊರಿನಲ್ಲಿ ಹಾಗಲ್ಲ. ಇಲ್ಲಿ ಎಲ್ಲವೂ ಅವ್ವನ ತಲೆಗೆ. ಗ್ರಹಣದ ದಿನ ಹೊರಗೆ ಬಂದಿದ್ದಳು. ಗ್ರಹಣದ ಹೊತ್ತಿನಲ್ಲಿ ಕಾಲು ಮಡಿಸಿ ಕೂತಿದ್ದಳು. ಕುಡುಗೋಲು ಮುಟ್ಟಿದಳು. ಬಸುರಿಯಾಗಿದ್ದಾಗ ಕುಂಟನನ್ನು ಕಂಡು ನಕ್ಕಳು. ಹೀಗೆ ಹೇಳುವವರು ಒಂದು ಮಾತು ಮರೆಯುತ್ತಾರೆ. ಗ್ರಹಣದ ದಿನ ಕದ ಮುಚ್ಚಿಕೊಂಡು ದರ್ಭೆ ಹಿಡಿದು ಕೂರುವುದು ಉಂಡು ಮಿಗುವ ಮನೆಯ ಹೆಂಗಸಿಗೆ ಸಾಧ್ಯ. ನಾಟಿ ಗದ್ದೆಯಲ್ಲಿರುವ ಬಸುರಿಗೆ ಸೂರ್ಯನನ್ನು ರಾಹು ನುಂಗಿದರೇನು ಕೇತು ನುಂಗಿದರೇನು, ಕೂಲಿ ನುಂಗುವ ಮೇಸ್ತ್ರಿ ಬದುವಿನ ಮೇಲೇ ನಿಂತಿರುತ್ತಾನೆ. ಅಂದರೆ ದುಡಿಯುವ ಹೆಂಗಸು ದುಡಿದದ್ದಕ್ಕೇ ಪಾಪಿ. ಈ ಲೆಕ್ಕದಲ್ಲಿ ಗ್ರಹಣದ ದಿನ ಕೂಲಿಗೆ ಹೋದ ಬಸುರಿಯರ ಕೂಸೆಲ್ಲ ಸೊಟ್ಟಗಾಲಿನದೇ ಆಗಬೇಕಿತ್ತು. ಕದ ಮುಚ್ಚಿ ಕೂತ ಮನೆಯಲ್ಲಿ ಒಂದೂ ಹುಟ್ಟಬಾರದಿತ್ತು. ಹುಟ್ಟುತ್ತಿವೆ. ಕೇಳಿ ನೋಡಿ, ಆಸ್ಪತ್ರೆಯ ಸಾಲಿನಲ್ಲಿ ಎಲ್ಲ ಜಾತಿಯವರೂ ನಿಂತಿರುತ್ತಾರೆ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ಈ ಪಾದ ಹಣೆಬರಹವಲ್ಲ. ಕೈಯಿಂದ ನೆಟ್ಟಗೆ ಮಾಡಬಹುದು. ಹುಟ್ಟಿದ ಒಂದೆರಡು ವಾರದಲ್ಲಿ ಶುರುಮಾಡಿದರೆ ಬಹುಪಾಲು ಕೂಸುಗಳ ಪಾದ ಎರಡು ತಿಂಗಳು ಕಳೆಯುವುದರೊಳಗೆ ನೇರವಾಗುತ್ತದೆ. ದೊಡ್ಡ ಆಪರೇಷನ್ನು ಬೇಡ. ಬೇಕಾಗುವುದು ಜಿಪ್ಸಮ್ ಪುಡಿ ಸವರಿದ ಪಟ್ಟಿ, ಒಂದು ಬೋಗುಣಿ ನೀರು, ಕಲಿತ ಎರಡು ಕೈ. ಆಸ್ಪತ್ರೆಯವರು ಪ್ಲಾಸ್ಟರ್ ಎನ್ನುತ್ತಾರೆ, ನಮ್ಮ ಜನ ಸಿಮೆಂಟು ಕಟ್ಟು ಎನ್ನುತ್ತಾರೆ.

ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಂಗೆ ಅಂತ ನಗುವವರಿದ್ದಾರೆ. ಕೂಸಿನ ಪಾದ ನಾಯಿ ಬಾಲವಲ್ಲ. ಹುಟ್ಟಿದಾಗ ಪಾದದ ಎಷ್ಟೋ ಮೂಳೆಗಳು ಇನ್ನೂ ಮೂಳೆಯೇ ಆಗಿರುವುದಿಲ್ಲ, ಎಳೆಯ ಹುರುಳಿಕಾಯಿಯ ಹಾಗೆ ಮೆತ್ತಗಿರುತ್ತವೆ. ಬಿಗಿದುಕೊಂಡ ನರ, ಪಟ್ಟಿಗಳೂ ಹದವಾಗಿ ಎಳೆದರೆ ಸಡಿಲುತ್ತವೆ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ಒಂದಿಷ್ಟು ಹೊರಕ್ಕೆ ತಿರುಗಿಸಬೇಕು. ತಿರುಗಿಸಿದಷ್ಟನ್ನು ಕಟ್ಟಿನೊಳಗೆ ಹಿಡಿದಿಡಬೇಕು. ಮುಂದಿನ ವಾರ ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಕಟ್ಟು. ಹೀಗೆ 5-6 ಕಟ್ಟು. ಕಟ್ಟು ಬೆರಳ ಬುಡದಿಂದ ತೊಡೆಸಂದಿನ ತನಕ ಇರಬೇಕು, ಮಂಡಿ ಮಡಿಸಿರಬೇಕು. ಮಂಡಿಯ ಕೆಳಗೆ ನಿಲ್ಲಿಸಿದರೆ ಕೂಸು ಒದ್ದು ಜಾರಿಸಿಬಿಡುತ್ತದೆ. ಅರ್ಧ ಕಲಿತವರು ಮಾಡುವ ಎಡವಟ್ಟು ಇದೇ.

ಮೊದಲ ಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಮುಂಗಾಲನ್ನು ಮೇಲಕ್ಕೆತ್ತಿ ಮಿಕ್ಕ ಬೆರಳುಗಳ ಸಾಲಿಗೆ ತರಬೇಕು. ಆಗ ಪಾದ ಇನ್ನಷ್ಟು ತಿರುಚಿದ ಹಾಗೆ ಕಾಣುತ್ತದೆ. ಅವ್ವಂದಿರು ಗಾಬರಿಯಾಗಿ ಕಟ್ಟು ಕಿತ್ತುಹಾಕಿಸುವುದು ಇಲ್ಲೇ. ಯಾಕೆ ಹಾಗೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆಮೇಲಿನ ಕಟ್ಟುಗಳಲ್ಲಿ ಹರಡಿನ ಮುಂದೆ ಹೊರಮಗ್ಗುಲಿಗೆ ಉಬ್ಬಿರುವ ಮೂಳೆಯ ಮೇಲೆ ಒಂದು ಹೆಬ್ಬೆರಳು ಊರಿ, ಇನ್ನೊಂದು ಕೈಯಿಂದ ಪಾದವನ್ನು ಹೊರಕ್ಕೆ ತಿರುಗಿಸಬೇಕು. ಹಿಮ್ಮಡಿಯನ್ನು ಮುಟ್ಟಬಾರದು. ಪಾದ ತಿರುಗಿದಂತೆ ಹಿಮ್ಮಡಿ ತಾನಾಗಿ ಹಿಂದೆ ಬರುತ್ತದೆ. ಕೊನೆಗೆ ಮೇಲಕ್ಕೆ ಸೆಳೆದಿರುವ ಹಿಮ್ಮಡಿಯ ನರ ಉಳಿಯುತ್ತದೆ. ಹತ್ತರಲ್ಲಿ ಎಂಟು ಒಂಬತ್ತು ಕೂಸಿಗೆ ಅಲ್ಲಿ ಸಣ್ಣ ಅಲಗಿನಿಂದ ಒಂದು ಗೀರು ಹಾಕಿ ಆ ನರವನ್ನು ಬಿಡಿಸುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟಿಸಿದರೆ ಸಾಕು, ಹೊಲಿಗೆ ಕೂಡ ಬೇಡ. ಮೂರು ವಾರ ಕೊನೆಯ ಕಟ್ಟು. ಅದರೊಳಗೆ ನರ ಉದ್ದವಾಗಿ ಕೂಡಿಕೊಂಡಿರುತ್ತದೆ. ಬೆನ್ನುಹುರಿಯ ದೋಷವಿರುವ ಕೂಸು, ಕೀಲೆಲ್ಲ ಬಿಗಿದಿರುವ ಕೂಸುಗಳಲ್ಲಿ ಇದು ಇನ್ನೂ ಕಷ್ಟದ ಕೆಲಸ. ಮಿಕ್ಕವರಿಗೆ ಇಷ್ಟೇ.

ಇದನ್ನು ಕಂಡುಕೊಂಡವನು ಇಗ್ನಾಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದ, ಗಡಿಯಾರ ರಿಪೇರಿಯವನ ಮಗ. ಅಪ್ಪನ ಅಂಗಡಿಯಲ್ಲಿ ಕೂತು ಹಲ್ಲುಚಕ್ರ ಜೋಡಿಸಿ ಕೈ ಪಳಗಿಸಿಕೊಂಡವನು. ಫ್ರಾಂಕೋನ ಫ್ಯಾಸಿಸ್ಟ್ ಸೈನ್ಯದ ವಿರುದ್ಧ ಗಣರಾಜ್ಯದ ಪಕ್ಷದಲ್ಲಿ ಯುದ್ಧವೈದ್ಯನಾಗಿ ದುಡಿದ. 1939ರಲ್ಲಿ ಸೋಲು ಖಚಿತವಾದಾಗ ಕೈಕಾಲು ಮುರಿದ ಸೈನಿಕರನ್ನು ಹೇಸರಗತ್ತೆಗಳ ಮೇಲೆ ಬೆಟ್ಟ ದಾಟಿಸಿ ಫ್ರಾನ್ಸಿಗೆ ಸಾಗಿಸಿದವರಲ್ಲಿ ಅವನೂ ಒಬ್ಬ. ಅಲ್ಲಿಂದ ಮೆಕ್ಸಿಕೊದ ಹಳ್ಳಿಯಲ್ಲಿ ವೈದ್ಯಕೀಯ. 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. ಅಲ್ಲಿ ಹಿಂದೆ ಚಾಕು ಹಾಕಿ ನೆಟ್ಟಗೆ ಮಾಡಿದ್ದ ಪಾದಗಳನ್ನು ತೆಗೆದು ನೋಡಿದ. ಗಂಟುಗಟ್ಟಿ, ಬಿರುಸಾಗಿ, ನೋಯುತ್ತಿದ್ದವು. ಚಾಕು ಬಿಟ್ಟು ಕೈ ಹಿಡಿದ. 1940ರ ದಶಕ ಮುಗಿಯುವ ಹೊತ್ತಿಗೆ ಕೆಲಸ ಶುರುಮಾಡಿ, 1963ರಲ್ಲಿ ಬರೆದು ಪ್ರಕಟಿಸಿದ.

ಪಂಡಿತರು ಏನು ಮಾಡಿದರು? ಕಣ್ಣೆತ್ತಿ ನೋಡಲಿಲ್ಲ. 1971ರಲ್ಲಿ ಟರ್ಕೊ ಎಂಬ ಸರ್ಜನ್ ಪಾದದ ಒಳಗಿನ ಬಿಗಿತವನ್ನೆಲ್ಲ ಒಂದೇ ಸಲಕ್ಕೆ ಕೊಯ್ದು ಬಿಡಿಸುವ ಆಪರೇಷನ್ನು ಪ್ರಕಟಿಸಿದ. ಲೋಕವೆಲ್ಲ ಅದರ ಹಿಂದೆ ಓಡಿತು. ಆಪರೇಷನ್ನಿಗೆ ಥಿಯೇಟರ್ ಬೇಕು, ಅರಿವಳಿಕೆ ಬೇಕು, ಬಿಲ್ಲು ಬರುತ್ತದೆ, ಹೆಸರು ಬರುತ್ತದೆ. ಕೂಸಿನ ಪಾದ ಹಿಡಿದು ವಾರಕ್ಕೊಮ್ಮೆ ನೀವುವುದರಲ್ಲಿ ಏನು ಬಂತು? 1995ರಲ್ಲಿ ಪೊನ್ಸೆಟಿಯ ಹಳೆಯ ರೋಗಿಗಳನ್ನು ಹುಡುಕಿ ಪರೀಕ್ಷೆ ಮಾಡಿದರು. ಸರಾಸರಿ 34 ವಯಸ್ಸಾಗಿದ್ದ 45 ಜನ. ಅವರಲ್ಲಿ 100ಕ್ಕೆ 78 ಮಂದಿಯ ಪಾದ ಚೆನ್ನಾಗಿತ್ತು. ಹುಟ್ಟಿನಿಂದ ಪಾದದ ದೋಷವೇ ಇಲ್ಲದ ಜನರನ್ನೂ ಅದೇ ಅಳತೆಯಿಂದ ಅಳೆದಾಗ 100ಕ್ಕೆ 85. ವ್ಯತ್ಯಾಸ ಅಷ್ಟೇ! ಆದರೂ ಡಾಕ್ಟರುಗಳು ಬೇಗ ಒಪ್ಪಲಿಲ್ಲ. 1990ರ ದಶಕದ ಕೊನೆಗೆ ಅಮೆರಿಕದ ತಾಯ್ತಂದೆಯರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು, ನಮ್ಮ ಕೂಸಿಗೆ ಚಾಕು ಬೇಡ ಕಟ್ಟು ಹಾಕಿ ಎಂದು ಹಟ ಹಿಡಿದ ಮೇಲೆ ಗಾಳಿ ತಿರುಗಿತು. ಪೊನ್ಸೆಟಿ 2009ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನ ಕಟ್ಟು ಲೋಕದ ಕಟ್ಟಾಗಿತ್ತು.

ಕೈಯಿಂದ ಮಾಡುವ ಕೆಲಸವನ್ನು ಕೀಳೆಂದು ಕಾಣುವುದು ನಮ್ಮ ದೇಶದ ರೋಗ ಎಂದುಕೊಂಡಿದ್ದೆವು. ಅದು ಅಮೆರಿಕದ ಪಂಡಿತರಲ್ಲೂ ಇತ್ತು. ಆದರೆ ನಮ್ಮಲ್ಲಿ ಅದಕ್ಕೆ ಶಾಸ್ತ್ರದ ಮುದ್ರೆಯೂ ಇದೆ, ನೋಡಿ. ಆಫ್ರಿಕದ ಮಲಾವಿಯಲ್ಲಿ ಸರ್ಜನ್ನರು ಬೆರಳೆಣಿಕೆಯಷ್ಟು. ಅಲ್ಲಿ ಡಾಕ್ಟರಲ್ಲದ ಆರೋಗ್ಯ ಕಾರ್ಯಕರ್ತರಿಗೇ ಈ ಕಟ್ಟು ಕಲಿಸಿದರು. ಅವರು ಚೆನ್ನಾಗಿ ಮಾಡುತ್ತಾರೆಂದು 2005ರಲ್ಲೇ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಉಗಾಂಡದಲ್ಲೂ ಅದೇ ದಾರಿ. ಮಲಾವಿಯ ಕೈ ಮಾಡುವುದನ್ನು ನಮ್ಮ ತಾಲ್ಲೂಕು ಆಸ್ಪತ್ರೆಯ ಕೈ ಯಾಕೆ ಮಾಡಬಾರದು?

ಕಾಗದದ ಮೇಲೆ ನಮ್ಮಲ್ಲಿ ಎಲ್ಲವೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುದೋಷಗಳ ಪಟ್ಟಿಯಿದೆ, ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ. ಹೆರಿಗೆಯಾದಲ್ಲೇ ಕೂಸನ್ನು ನೋಡಬೇಕು, ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕು, ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು, ಚಿಕಿತ್ಸೆ ಪುಕ್ಕಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಇದರ ಅರ್ಥವೇನು? ಸೊಟ್ಟಗಾಲಿನ ಹತ್ತಿರ ಹತ್ತಿರ ಪ್ರತಿಯೊಂದು ಕೂಸನ್ನೂ ಹುಟ್ಟಿದ ದಿನವೇ ಆಸ್ಪತ್ರೆಯ ಸಿಬ್ಬಂದಿ ಕೈಯಲ್ಲಿ ಎತ್ತಿಕೊಂಡಿರುತ್ತಾರೆ. ಈ ರೋಗ ಕಂಡುಹಿಡಿಯಲು ಎಕ್ಸ್‌ರೇ ಬೇಡ, ರಕ್ತಪರೀಕ್ಷೆ ಬೇಡ. ಕಣ್ಣಿದ್ದರೆ ಸಾಕು. ಹಾಗಿದ್ದೂ ಎರಡು ವರ್ಷ, ಐದು ವರ್ಷದ ಮಕ್ಕಳು ಸೊಟ್ಟಗಾಲು ಎಳೆದುಕೊಂಡು ಅಂಗನವಾಡಿಗೆ ಬರುತ್ತಿದ್ದರೆ, ಎತ್ತಿಕೊಂಡ ಕೈ ಅವರ ಪಾದವನ್ನು ನೋಡಲಿಲ್ಲ, ಇಲ್ಲವೇ ನೋಡಿಯೂ ಬಾಯಿ ಬಿಡಲಿಲ್ಲ. ದೊಡ್ಡದಾದ ಮೇಲೆ ಸರಿಹೋಗ್ತದೆ ಬಿಡು ಅಂದವರೂ ಉಂಟು. ಸರಿಹೋಗುವುದಿಲ್ಲ. ನಡೆಯಲು ಕಲಿತ ಮೇಲೂ ಈ ಕಟ್ಟಿನಿಂದ ಉಪಯೋಗವಿದೆ, ಅಂಥ ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಆದರೆ ಹಾಲುಗೂಸಿಗೆ ಆಗುವಷ್ಟು ಸುಲಭವಲ್ಲ.

ಪಾದ ನೆಟ್ಟಗಾದ ಮೇಲೆ ಕಥೆ ಮುಗಿಯಲಿಲ್ಲ. ಅಸಲು ಜಗಳ ಇಲ್ಲಿಂದ. ಕಟ್ಟು ಬಿಚ್ಚಿದ ದಿನವೇ ಎರಡು ಪುಟ್ಟ ಬೂಟುಗಳನ್ನು ಒಂದು ಕಂಬಿಗೆ ಜೋಡಿಸಿದ ಸಾಧನವನ್ನು ಕೂಸಿಗೆ ತೊಡಿಸಬೇಕು. ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲು ನಿದ್ದೆಯ ಹೊತ್ತು, 4-5 ವರ್ಷ ತುಂಬುವ ತನಕ. ಇದನ್ನು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ತಿರುಗಿದಾಗ ಅವ್ವ ಎರಡನೇ ಸಲ ಪಾಪಿಯಾಗುತ್ತಾಳೆ. ಮೊದಲು ಐನೋರು ಗ್ರಹಣದ ಹೆಸರಿನಲ್ಲಿ ಹೇಳಿದ್ದನ್ನೇ ಈಗ ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಒಂದು ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಕಿವಿಗೆ ಬಿದ್ದ ಮಾತು ಹೀಗಿತ್ತು:

'ಏನಮ್ಮಾ, ಶೂ ಹಾಕಿಲ್ವಾ ಮಗೂಗೆ?'

'ಹಾಕಿದ್ದೆ ಸ್ವಾಮಿ. ರಾತ್ರಿಯೆಲ್ಲಾ ಅರಚ್ಕೊತದೆ. ಇರೋದು ಒಂದೇ ಕೋಣೆ. ಅವ್ರು ಕೋಳಿ ಕೂಗೋ ಹೊತ್ಗೆ ಎದ್ದು ಗಾರೆ ಕೆಲ್ಸಕ್ಕೆ ಹೋಗ್ಬೇಕು. ನಮ್ಮತ್ತೆ ಕಿತ್ತಾಕ್ಬುಟ್ರು.'

'ನಿಮ್ಮಂಥೋರ್ಗೆ ಎಷ್ಟ್ ಹೇಳಿದ್ರೂ ಅಷ್ಟೆ. ನಾವ್ ಮಾಡಿದ್ದೆಲ್ಲಾ ಹಾಳ್ ಮಾಡಿದ್ರಿ.'

ಬೂಟು ಕೂಸಿನ ಪಾದಕ್ಕೆ ಚಿಕ್ಕದಾಗಿತ್ತು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಕೂಸು ಅರಚಿದ್ದು ಹಟಕ್ಕಲ್ಲ, ನೋವಿಗೆ. ಅದನ್ನು ಬಿಚ್ಚಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಆಗಿರುವವಳು ಅವ್ವ. ಮತ್ತೆ ಆ 'ನಿಮ್ಮಂಥೋರು' ಎಂಬ ಮಾತು! ನಿಮ್ಮಂಥೋರು ಅಂದರೆ ಯಾರು? ಓದು ಬರಹ ಇಲ್ಲದವರು ಅಂತಲೆ, ಕೂಲಿಯವರು ಅಂತಲೆ, ಕೇರಿಯವರು ಅಂತಲೆ? ಈ ಒಂದು ಮಾತಿನೊಳಗೆ ಮೂರೂ ಬೆಚ್ಚಗೆ ಮಲಗಿವೆ.

ಲೆಕ್ಕ ಹಾಕೋಣ. ಆರು ವಾರ ಆರು ಸಲ. ನರ ಬಿಡಿಸಲು ಒಂದು ಸಲ. ಮೂರು ವಾರದ ಮೇಲೆ ಕಟ್ಟು ಬಿಚ್ಚಿ ಬೂಟು ತೊಡಿಸಲು ಒಂದು ಸಲ. ಆಮೇಲೆ ನೋಡಿಸಲು ಎರಡು ಸಲವಾದರೂ. ಒಟ್ಟು ಹತ್ತು ಸಲ ಜಿಲ್ಲಾ ಆಸ್ಪತ್ರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯ ಕೆಲಸ, ಅದನ್ನು ಹಂಗಿಸುವ ಸಿರಿವಂತರ ಜೊತೆ ನಾವಿಲ್ಲ. ಆದರೆ ಹಸಿ ಬಾಣಂತಿ ಒಬ್ಬಳೇ ಕೂಸು ಕಟ್ಟಿಕೊಂಡು ಬಸ್ಸು ಹತ್ತಲಾದೀತೆ? ಗಂಡನೋ ಅಪ್ಪನೋ ಜೊತೆಗೆ ಹೋಗಬೇಕು. ಅವನಿಗೆ ಟಿಕೆಟ್ಟೂ ಉಂಟು, ಆ ದಿನದ ಕೂಲಿಯೂ ಖೋತಾ. ಹತ್ತು ದಿನದ ಕೂಲಿ ಎಂದರೆ ಏನೆಂದು ಸಂಬಳದ ಜನಕ್ಕೆ ತಿಳಿಯುವುದಿಲ್ಲ. ಅವರಿಗೆ ರಜೆ ಎಂಬುದೊಂದಿದೆ. ಐದನೇ ವಾರ ನಮ್ಮವನು ಮೇಸ್ತ್ರಿಯಿಂದ ಬೈಸಿಕೊಂಡು, ಪಾದ ಅರ್ಧ ನೆಟ್ಟಗಾಗಿರುವುದನ್ನು ನೋಡಿ, ಇಷ್ಟು ಸಾಕು ಬಿಡು ಅನ್ನುತ್ತಾನೆ. ಅವನು ಮೂರ್ಖನಲ್ಲ. ಅವನು ಬಡವ.

ಕ್ಷಯದ ರೋಗಿಗೆ 2018ರಿಂದ ಸರ್ಕಾರ ತಿಂಗಳು ತಿಂಗಳು ಆಹಾರಕ್ಕೆಂದು ಹಣ ಹಾಕುತ್ತಿದೆ. ಮಾತ್ರೆ ನಡುವೆ ಬಿಟ್ಟರೆ ರೋಗ ಮರಳುತ್ತದೆ, ಉಂಡರೆ ತಾನೆ ಮಾತ್ರೆ ಹಿಡಿಸುವುದು ಎಂದು ಅರಿತು ಹಾಕುತ್ತಿದೆ. ಸೊಟ್ಟಗಾಲಿನ ಕೂಸಿಗೂ ಅದೇ ಮಾತು ಯಾಕೆ ಅನ್ವಯಿಸಬಾರದು? ಕಟ್ಟಿಗೆ ಬಂದ ದಿನದ ಕೂಲಿ ಅಂದೇ ಕೈಗೆ ಕೊಡಿ. ಕಾಲು ಕೆಟ್ಟು ಹೋದ ಮೇಲೆ ಜೀವಮಾನವೆಲ್ಲ ಅಂಗವಿಕಲರ ಮಾಸಾಶನ ಕೊಡಲು ಸಿದ್ಧವಿರುವ ಸರ್ಕಾರ, ಕಾಲು ಕೆಡದಂತೆ ಹತ್ತು ದಿನದ ಕೂಲಿ ಕೊಡಲು ಯಾಕೆ ಸಿದ್ಧವಿಲ್ಲ? ಇದು ಎಂಥ ಜಮಾಖರ್ಚು?

ಕೆಲವು ಗೆಳೆಯರು ಕೇಳುತ್ತಾರೆ: ರೋಗಕ್ಕೆ ಜಾತಿ ಎಲ್ಲಿದೆ, ಇಲ್ಲೂ ಜಾತಿ ಯಾಕೆ ತರುತ್ತೀರಿ? ಸರಿ, ರೋಗಕ್ಕೆ ಜಾತಿಯಿಲ್ಲ. ಜಾತಿ ನೋಡಿ ಯಾವ ಪಾದವೂ ತಿರುಗುವುದಿಲ್ಲ. ಅಗ್ರಹಾರದಲ್ಲಿ ಹುಟ್ಟಿದ ಸೊಟ್ಟಪಾದಕ್ಕೆ ಮೂರನೇ ದಿನವೇ ಕಾರು ಬರುತ್ತದೆ, ಬೆಂಗಳೂರಿನ ಆಸ್ಪತ್ರೆ ಸಿಗುತ್ತದೆ, ಬೂಟು ಚಿಕ್ಕದಾದರೆ ಹೊಸದು ಬರುತ್ತದೆ. ಪುರುಷಸೂಕ್ತ ಅಲ್ಲಿ ನೆನಪಾಗುವುದಿಲ್ಲ. ಇಪ್ಪತ್ತು ವರ್ಷವಾದ ಮೇಲೂ ಸೊಟ್ಟಗಾಲಿನಲ್ಲೇ ನಡೆಯುತ್ತಿರುವವರನ್ನು ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ, ಗುಡಿಯ ಮೆಟ್ಟಿಲಲ್ಲಿ ನೋಡಿ ಅವರ ಕೇರಿ ಯಾವುದೆಂದು ಕೇಳಿ. ಜಾತಿಯನ್ನು ತಂದವರು ನಾವಲ್ಲ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಬಾವಿಗಾಗಿ, ಭೂಮಿಗಾಗಿ, ಗುಡಿಯ ಬಾಗಿಲಿಗಾಗಿ ಹೋರಾಡಿದ್ದೇವೆ. ಹೋರಾಡಲೇಬೇಕು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಮನುಸ್ಮೃತಿಯನ್ನು ಸುಡಿಸಿದ ದಿನವನ್ನು ವರ್ಷವರ್ಷ ಆಚರಿಸುತ್ತೇವೆ. ಆ ಪುಸ್ತಕದಲ್ಲಿ ಕುಂಟನ ಶ್ಲೋಕವೂ ಸುಟ್ಟಿತ್ತು ಎನ್ನುವುದನ್ನು ನೆನೆಯುವವರು ಯಾರು? ಭಾಷಣ ಮುಗಿಸಿ ಕೇರಿಗೆ ಬಂದವರು ಸೊಟ್ಟಗಾಲಿನ ಕೂಸು ಕಂಡರೆ ಅಯ್ಯೋ ಪಾಪ ಎನ್ನುತ್ತಾರೆ. ಆ ಪಾಪ ಎಂಬ ಪದ ಎಲ್ಲಿಂದ ಬಂತೆಂದು ಒಂದು ಗಳಿಗೆ ನಿಂತು ಯೋಚಿಸುವುದಿಲ್ಲ.

ಈಗ ಬೂಟಿನ ವಿಷಯ. ಹೊರದೇಶದ ಬೂಟು-ಕಂಬಿಗಳು ಬಡವರಿಗೆ ಎಟುಕುವ ಬೆಲೆಯವಲ್ಲ. ಉಗಾಂಡದಲ್ಲಿ ದುಡಿಯುತ್ತಿದ್ದ ಸ್ಟೀನ್‌ಬೀಕ್ ಎಂಬಾತ ಅಲ್ಲೇ ಸಿಗುವ ಚರ್ಮ, ಅಲ್ಲೇ ಸಿಗುವ ಕಬ್ಬಿಣದ ಸಲಾಕೆಯಿಂದ ಅಲ್ಲಿಯ ಕಸುಬುದಾರರೇ ಮಾಡಬಹುದಾದ ಒಂದು ಬೂಟು ರೂಪಿಸಿದ. ಹಿಮ್ಮಡಿಯ ಹತ್ತಿರ ಒಂದು ಕಿಂಡಿ. ಹಿಮ್ಮಡಿ ಕೆಳಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಅದರಲ್ಲಿ ಇಣುಕಿ ನೋಡಬಹುದು. ಬೆರಳ ಕಡೆ ಬಾಯಿ ತೆರೆದಿರುತ್ತದೆ. ಕಂಬಿಯ ಉದ್ದ ಕೂಸಿನ ಭುಜದಗಲ. ಸೊಟ್ಟಗಿದ್ದ ಪಾದ ಹೊರಕ್ಕೆ 60-70 ಡಿಗ್ರಿ ತಿರುಗಿರುವಂತೆ ಬೆಸೆದಿರುತ್ತಾರೆ. ಭಾರತದಲ್ಲೂ ಈ ನಮೂನೆಯ ಬೂಟು ಬಳಕೆಯಲ್ಲಿದೆ.

ಇದು ಯಾರ ಕಸುಬು? ಚರ್ಮ ಹದ ಮಾಡುವುದು, ಅಚ್ಚಿನ ಮೇಲೆ ಎಳೆಯುವುದು, ಉಳಿಯಿಂದ ಕತ್ತರಿಸಿ ಹೊಲಿಯುವುದು ಈ ದೇಶದಲ್ಲಿ ಯಾರಿಗೆ ಬರುತ್ತದೆ? ಸಮಗಾರನಿಗೆ, ಮಾದಿಗನಿಗೆ, ಮೋಚಿಗೆ. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟು, ತಾನು ಮಾತ್ರ ಗೌಡರ ಬೀದಿಯಲ್ಲಿ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದವನಿಗೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಅವನ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಮೆಟ್ಟು ಹೊಲಿದರೆಂಬ ಕಥೆಯನ್ನು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೆ ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿ ಕೊಂದರೆಂಬುದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ಮೆಟ್ಟು ಬೇಕು, ಮೆಟ್ಟಿನವನು ಬೇಡ. ಮಠದ ಪಾದಗಳಿಗೆ ಹಾಲೆರೆಯುವ ಈ ನಾಡಿನಲ್ಲಿ ಏಳು ದಿನದ ಕೂಸಿನ ಪಾದಕ್ಕೆ ಒಂದು ಬೂಟು ಹೊಲಿಸುವ ವ್ಯವಸ್ಥೆ ತಾಲ್ಲೂಕಿಗೊಂದು ಇರಬೇಡವೆ?

ಕರ್ನಾಟಕದಲ್ಲಿ ಚರ್ಮ ಕೈಗಾರಿಕೆಗೆಂದೇ 1976ರಲ್ಲಿ ಲಿಡ್ಕರ್ ನಿಗಮ ಕಟ್ಟಿದರು. ಅದರ ಮಳಿಗೆಗಳಲ್ಲಿ ಬೆಲ್ಟು, ಪರ್ಸು, ಸಾಹೇಬರ ಬ್ಯಾಗು ಸಿಗುತ್ತವೆ. ನಿಗಮದ ತರಬೇತಿ ಪಡೆದ ಕಸುಬುದಾರರಿಗೆ ಈ ಬೂಟು ಕಲಿಸಿ, ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೇ ಕೂರಿಸಿ. ಬಯಲಲ್ಲಿ ಗೋಣಿಚೀಲ ಹಾಸಿ ಅಲ್ಲ, ಒಳಗೆ, ಬೆಂಚು ಮೇಜು ಕೊಟ್ಟು, ಸಿಬ್ಬಂದಿಯ ಸಂಬಳ ಕೊಟ್ಟು. ಕೂಸಿನ ಪಾದ ಬೆಳೆದಂತೆ ಬೂಟು ಬದಲಾಯಿಸುವುದು, ಬೊಬ್ಬೆ ಎದ್ದಲ್ಲಿ ಚರ್ಮ ಸಡಿಲಿಸುವುದು, ಕಿಂಡಿಯಲ್ಲಿ ಹಿಮ್ಮಡಿ ನೋಡುವುದು ಅವನ ಕೆಲಸ. ಅವ್ವ ಜಿಲ್ಲೆಗೆ ಹೋಗುವುದು ತಪ್ಪುತ್ತದೆ. ಬೊಬ್ಬೆಯನ್ನು ಬಿಚ್ಚಿ ನೋಡದೆ ಬೈದು ಕಳಿಸುವವರ ಮುಂದೆ ಕೈಮುಗಿದು ನಿಲ್ಲುವುದೂ ತಪ್ಪುತ್ತದೆ. ಪಾದದ ನೋವು ತಿಳಿದವನು ಪಾದ ಮುಟ್ಟುತ್ತಾನೆ. ಇದನ್ನು ಮತ್ತೆ ಜಾತಿ ಕಸುಬಿಗೆ ಕಟ್ಟಿಹಾಕುವ ಹುನ್ನಾರ ಎನ್ನಬೇಡಿ. ಯಾವ ಜಾತಿಯ ಹುಡುಗ ಹುಡುಗಿ ಬಂದರೂ ಕಲಿಸಲಿ. ಸಂಬಳ, ಹುದ್ದೆ, ಪಿಂಚಣಿ ಕೊಟ್ಟು ನೋಡಿ, ಎಲ್ಲ ಜಾತಿಯವರೂ ಉಳಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ.

ಅದೆಲ್ಲ ಆಗುವ ತನಕ ಸುಮ್ಮನಿರಬೇಕಾಗಿಲ್ಲ. ನಿಮ್ಮ ಕೇರಿಯಲ್ಲಿ ಈ ವಾರ ಹೆರಿಗೆಯಾಗಿದ್ದರೆ ಹೋಗಿ, ಕೂಸಿನ ಬಟ್ಟೆ ಸರಿಸಿ ಎರಡೂ ಪಾದ ನೋಡಿ. ಒಳಕ್ಕೆ ತಿರುಗಿದ ಪಾದ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಲೀಸಾಗಿ ನೆಟ್ಟಗೆ ಬಂದು ಮೇಲಕ್ಕೂ ಮಡಿಸಿದರೆ ಅದು ಬಹುತೇಕ ಹೊಟ್ಟೆಯೊಳಗೆ ಮಲಗಿದ್ದ ಭಂಗಿ ಅಷ್ಟೆ, ಆದರೂ ಡಾಕ್ಟರಿಗೆ ತೋರಿಸಿ. ಬಿಗಿಯಾಗಿದ್ದು ಬರದೇ ಹೋದರೆ, ಹಿಮ್ಮಡಿ ಮೇಲೆಯೇ ನಿಂತಿದ್ದರೆ, ನೀವು ಬಲವಂತ ಮಾಡಬೇಡಿ, ಎಣ್ಣೆ ನೀವಿ ಕಾಯಬೇಡಿ. ಬಾಣಂತಿ ನಲವತ್ತು ದಿನ ಹೊಸಿಲು ದಾಟಬಾರದು ಎನ್ನುವ ಅಜ್ಜಿಗೆ ಕೂತು ತಿಳಿಹೇಳಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ, ಪೊನ್ಸೆಟಿ ಕಟ್ಟು ಎಲ್ಲಿ ಹಾಕುತ್ತಾರೆ, ಯಾವ ವಾರ ಹಾಕುತ್ತಾರೆ ಎಂದು ಹೆಸರು ಹಿಡಿದು ಕೇಳಿ. ಚೀಟಿಯಲ್ಲಿ ಬರೆದುಕೊಡಲಿ. ಬರೆದುಕೊಡುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಿರಿ.